ಮುಟ್ಟಿ ತಿಳಿಯುವ ವಿಜ್ಞಾನಮಂದಿರ

‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎಂಬುದು ಹಿರಿಯರ ಮಾತು. ಜ್ಞಾನಾರ್ಜನೆಗೆ ಈ ಎರಡು ದಾರಿಗಳಲ್ಲದೆ ಮೂರನೆಯದೊಂದೂ ಉಂಟು. ಅದು ವಸ್ತುವನ್ನು ಕೈಗೆತ್ತಿಕೊಂಡು, ತಿರುವಿ, ಬಿಚ್ಚಿ, ಮತ್ತೆ ಜೋಡಿಸಿ ತಿಳಿಯುವ ದಾರಿ. ಮನುಷ್ಯನು ಶೈಶವದಲ್ಲಿ ಮೊದಲು ಹಿಡಿಯುವುದು ಈ ದಾರಿಯನ್ನೇ. ತೊಟ್ಟಿಲ ಕೂಸು ಕೈಗೆ ಸಿಕ್ಕಿದ ಗಿಲಕಿಯನ್ನು ಅಲ್ಲಾಡಿಸುತ್ತದೆ, ನೆಲಕ್ಕೆ ಬಡಿಯುತ್ತದೆ, ಬಾಯಿಗಿಟ್ಟು ನೋಡುತ್ತದೆ. ಅದರ ಪಾಲಿಗೆ ಆಟ ಬೇರೆ, ಪ್ರಯೋಗ ಬೇರೆ ಅಲ್ಲ. ಆದರೆ ಬೆಳೆದಂತೆಲ್ಲ ಮಗುವಿನ ಕಿವಿಗೆ ಹೆಚ್ಚಾಗಿ ಬೀಳುವ ಮಾತು ‘ಮುಟ್ಟಬೇಡ’ ಎಂಬುದು. ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳೂ ಬಹುಕಾಲ ಇದೇ ಮಾತನ್ನು ಸಾರುತ್ತ ಬಂದವು. ಆ ನಿಷೇಧದ ಸ್ಥಾನದಲ್ಲಿ ‘ಮುಟ್ಟಿ ನೋಡಿ’ ಎಂಬ ಆಹ್ವಾನವನ್ನಿಟ್ಟ ಸಂಸ್ಥೆಗಳ ಪೈಕಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಎಕ್ಸ್‌ಪ್ಲೊರೇಟೋರಿಯಂ ಬಹು ಪ್ರಸಿದ್ಧವಾದುದು. ಅನ್ವೇಷಣೆ ನಡೆಯುವ ತಾಣ ಎಂಬುದು ಆ ಹೆಸರಿನ ಭಾವ.

ಈ ವಿಚಾರ ಒಮ್ಮೆಗೇ ಹುಟ್ಟಿದುದಲ್ಲ. 1903ರಲ್ಲಿ ಆಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರು ಜರ್ಮನಿಯ ಮ್ಯೂನಿಕ್ ನಗರದಲ್ಲಿ ವಿಜ್ಞಾನ ಮತ್ತು ತಂತ್ರಕೌಶಲಗಳ ದೊಡ್ಡದೊಂದು ವಸ್ತುಸಂಗ್ರಹಾಲಯಕ್ಕೆ ಅಸ್ತಿಭಾರ ಹಾಕಿದರು. ‘ಡಾಯ್ಚಸ್ ಮ್ಯೂಸಿಯಂ’ ಎಂದು ಹೆಸರಾದ ಅಲ್ಲಿ ನೋಟಕರು ಹಿಡಿಕೆ ತಿರುಗಿಸಿ, ಗುಂಡಿಯೊತ್ತಿ ಯಂತ್ರಗಳನ್ನು ನಡೆಸಿ ನೋಡಬಹುದಾಗಿತ್ತು. 1931ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯವು ಮಕ್ಕಳಿಗೆಂದೇ ಒಂದು ವಿಭಾಗವನ್ನು ತೆರೆಯಿತು. 1937ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಾರಂಭವಾದ ‘ಪಾಲೆ ದ ಲಾ ದೆಕೂವರ್ತ್’ನಲ್ಲಿ, ಎಂದರೆ ಆವಿಷ್ಕಾರಗಳ ಅರಮನೆಯಲ್ಲಿ, ಹಳೆಯ ಉಪಕರಣಗಳನ್ನು ಕೂಡಿಡುವುದಕ್ಕೆ ಬದಲಾಗಿ ಜನರ ಕಣ್ಣೆದುರಿನಲ್ಲಿಯೇ ಪ್ರಯೋಗಗಳನ್ನು ಮಾಡಿ ತೋರಿಸುವ ಪದ್ಧತಿ ಬಂದಿತು. ಈ ಮೂರು ತೊರೆಗಳ ನೀರನ್ನೂ ಕುಡಿದು, ಅದಕ್ಕೆ ತನ್ನದೇ ಆದ ಸತ್ತ್ವವನ್ನು ಸೇರಿಸಿ ಬೆಳೆದುದು ಎಕ್ಸ್‌ಪ್ಲೊರೇಟೋರಿಯಂ. ಅದರ ಉದ್ದೇಶವನ್ನು ಅರಿಯಬೇಕಾದರೆ ಅದನ್ನು ಕಟ್ಟಿದವರ ಬಾಳನ್ನು ಮೊದಲು ಅರಿಯಬೇಕು.

ಫ್ರಾಂಕ್ ಓಪನ್‌ಹೈಮರ್ 1912ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಪರಮಾಣು ಬಾಂಬಿನ ನಿರ್ಮಾಣಕಾರ್ಯದ ನೇತಾರರಾಗಿ ಜಗತ್ತಿಗೆ ಪರಿಚಿತರಾದ ರಾಬರ್ಟ್ ಓಪನ್‌ಹೈಮರ್ ಇವರ ಅಣ್ಣ. ತಮ್ಮನೂ ಅಣ್ಣನಂತೆಯೇ ಭೌತವಿಜ್ಞಾನಿಯಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಂಬಿಗೆ ಬೇಕಾದ ಬಗೆಯ ಯುರೇನಿಯಮ್ಮನ್ನು ಬೇರ್ಪಡಿಸುವ ಕೆಲಸದಲ್ಲಿ ದುಡಿದು, ಬಳಿಕ ಲಾಸ್ ಅಲಮೋಸ್‌ನ ರಹಸ್ಯ ಪ್ರಯೋಗಾಲಯವನ್ನು ಸೇರಿದರು. 1945ರ ಜುಲೈ 16ರಂದು ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಮೊತ್ತಮೊದಲ ಬಾಂಬು ಸಿಡಿದಾಗ ಸಹೋದರರಿಬ್ಬರೂ ಅಲ್ಲಿದ್ದರು. ಮೂರು ವಾರಗಳು ಕಳೆಯುವಷ್ಟರಲ್ಲಿ ಹಿರೋಷಿಮಾ, ಅದಾದ ಮೂರು ದಿನಗಳಿಗೆ ನಾಗಸಾಕಿ ನಗರಗಳು ಸುಟ್ಟು ಬೂದಿಯಾದವು. ಕೋಟ್ಯಂತರ ಜನರ ಅಳಿವು ಉಳಿವುಗಳನ್ನು ನಿರ್ಣಯಿಸಬಲ್ಲ ವಿದ್ಯೆ ಕೆಲವರ ಕೈಯಲ್ಲಿ ಮಾತ್ರ ಇತ್ತು. ಜನರಿಗೆ ಅದರ ಗಂಧವೂ ಇರಲಿಲ್ಲ. ಯುದ್ಧ ಮುಗಿದೊಡನೆ, ಪರಮಾಣುಶಕ್ತಿಯ ಸ್ವರೂಪವನ್ನು ಜನಸಾಮಾನ್ಯರಿಗೆ ತಿಳಿಸಿಹೇಳಬೇಕೆಂದು ಮುಂದೆ ಬಂದ ವಿಜ್ಞಾನಿಗಳಲ್ಲಿ ಫ್ರಾಂಕ್ ಕೂಡ ಒಬ್ಬರಾದರು.

ಆಮೇಲೆ ಅವರು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿಶ್ವಕಿರಣಗಳ ಸಂಶೋಧನೆಯಲ್ಲಿ ತೊಡಗಿದರು. ಆದರೆ ಆ ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ. ಕಮ್ಯೂನಿಸ್ಟ್ ಪಕ್ಷದೊಡನೆ ಸಂಬಂಧವುಳ್ಳವರೆಂಬ ಶಂಕೆಯ ಮೇಲೆ ಅನೇಕರನ್ನು ವಿಚಾರಣೆಗೆ ಗುರಿಪಡಿಸುತ್ತಿದ್ದ ಕಾಲ ಅದು. 1949ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಫ್ರಾಂಕರನ್ನು ಕರೆಸಿತು. ಯುದ್ಧಪೂರ್ವದಲ್ಲಿ ಕೆಲವು ವರ್ಷ ತಾವು ಆ ಪಕ್ಷದ ಸದಸ್ಯರಾಗಿದ್ದುದನ್ನು, ಮೊದಲು ಅಲ್ಲಗಳೆದಿದ್ದರೂ, ಅವರು ಅಲ್ಲಿ ಒಪ್ಪಿಕೊಂಡರು. ಜೊತೆಯಲ್ಲಿದ್ದ ಇತರರ ಹೆಸರುಗಳನ್ನು ಮಾತ್ರ ಹೇಳಲೊಲ್ಲೆನೆಂದರು. ಪರಿಣಾಮವಾಗಿ ವಿಶ್ವವಿದ್ಯಾಲಯದ ಹುದ್ದೆಯನ್ನು ತ್ಯಜಿಸಬೇಕಾಯಿತು. ಬೇರೆ ಯಾವ ವಿದ್ಯಾಸಂಸ್ಥೆಯ ಬಾಗಿಲೂ ತೆರೆಯಲಿಲ್ಲ. ನಲವತ್ತನ್ನು ಸಮೀಪಿಸುತ್ತಿದ್ದ ವಿಜ್ಞಾನಿ ಮಡದಿ ಮಕ್ಕಳೊಡನೆ ಕೊಲರಾಡೊ ಸಂಸ್ಥಾನದ ಪಗೋಸಾ ಸ್ಪ್ರಿಂಗ್ಸ್ ಎಂಬ ಊರಿನ ಬಳಿ ಗೋಪಾಲನೆಗೆ ನಿಂತರು. ಹುಲ್ಲು ಕೊಯ್ಯುವುದು, ಬೇಲಿ ಕಟ್ಟುವುದು, ದನಗಳ ಹೆರಿಗೆಗೆ ನೆರವಾಗುವುದು, ಕೆಟ್ಟ ಯಂತ್ರಗಳನ್ನು ಸರಿಪಡಿಸುವುದು ಅವರ ನಿತ್ಯಕರ್ಮವಾಯಿತು.

ವಿದ್ಯೆಯನ್ನು ಕಸಿದುಕೊಳ್ಳುವುದು ಯಾವ ಸಮಿತಿಯಿಂದಲೂ ಸಾಧ್ಯವಿಲ್ಲವಷ್ಟೆ. ಸುತ್ತಲಿನ ರೈತಮಕ್ಕಳಿಗೆ ವಿಜ್ಞಾನದ ಪಾಠಗಳಲ್ಲಿ ನೆರವಾಗುತ್ತಿದ್ದ ಫ್ರಾಂಕ್, 1957ರಲ್ಲಿ ಆ ಸಣ್ಣ ಊರಿನ ಪ್ರೌಢಶಾಲೆಗೆ ಅಧ್ಯಾಪಕರಾದರು. ಶಾಲೆಯಲ್ಲಿ ಉಪಕರಣಗಳ ಕೊರತೆಯಿತ್ತು. ಅವರು ವಿದ್ಯಾರ್ಥಿಗಳನ್ನು ಊರ ಹೊರಗಿನ ಕಸದ ರಾಶಿಯ ಬಳಿಗೆ ಕರೆದೊಯ್ದರು. ಬೀಸಾಡಿದ ಮೋಟಾರುಗಳು, ಹಲ್ಲುಚಕ್ರಗಳು, ತಂತಿಗಳು ಅಲ್ಲಿ ಹೇರಳವಾಗಿದ್ದವು. ಅವುಗಳನ್ನು ಬಿಚ್ಚಿ ನೋಡುತ್ತ ಹುಡುಗರು ಯಂತ್ರವಿಜ್ಞಾನ, ಶಾಖ, ವಿದ್ಯುತ್ತುಗಳ ತತ್ತ್ವಗಳನ್ನು ಕಲಿತರು. ಪುಸ್ತಕದಲ್ಲಿ ಓದಿದಾಗ ಒಗಟಾಗಿದ್ದುದು ಕೈಗೆ ಬಂದಾಗ ಸುಲಭವಾಯಿತು. ಬಡ ಶಾಲೆಗೂ ವಿಜ್ಞಾನ ಎಟುಕದ ವಸ್ತುವಲ್ಲವೆಂಬುದು ಆ ಕಸದ ರಾಶಿಯಲ್ಲಿ ರುಜುವಾತಾಯಿತು.

1959ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯವು ಫ್ರಾಂಕರನ್ನು ಬರಮಾಡಿಕೊಂಡಿತು. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಜೋಡಿಸಿಟ್ಟಂತೆ ಪ್ರಯೋಗಗಳನ್ನೂ ಜೋಡಿಸಿಡಬಾರದೇಕೆ ಎಂಬ ಆಲೋಚನೆ ಅವರಿಗೆ ಅಲ್ಲಿ ಹೊಳೆಯಿತು. ಅದರಂತೆ ಹಲವಾರು ಪ್ರಯೋಗಗಳ ಸಲಕರಣೆಗಳನ್ನು ಸದಾ ಸಜ್ಜಾಗಿರಿಸಿ, ವಿದ್ಯಾರ್ಥಿಯು ತನಗೆ ಬಿಡುವಾದಾಗ ಬಂದು, ಬೇಕಾದಷ್ಟು ಹೊತ್ತು ಪ್ರಯೋಗ ನಡೆಸಲು ಅನುವಾಗುವಂತೆ ‘ಪ್ರಯೋಗಗಳ ಗ್ರಂಥಾಲಯ’ವೊಂದನ್ನು ನಿರ್ಮಿಸಿದರು. 1965ರಲ್ಲಿ ಲಂಡನ್ನಿಗೆ ಹೋದಾಗ ಯೂರೋಪಿನ ವಿಜ್ಞಾನ ವಸ್ತುಸಂಗ್ರಹಾಲಯಗಳನ್ನು ಕಂಡರು. ವಿದ್ಯಾರ್ಥಿಗಳಿಗೆ ಸಿಕ್ಕಿದ ಸೌಲಭ್ಯ ದಾರಿಹೋಕನಿಗೂ ಸಿಕ್ಕಬೇಕೆಂಬ ಹಂಬಲ ಅವರಲ್ಲಿ ಬಲಿಯಿತು. ಅದಕ್ಕಾಗಿ ಅವರು ಸ್ಯಾನ್ ಫ್ರಾನ್ಸಿಸ್ಕೊವನ್ನು ಆರಿಸಿಕೊಂಡರು.

ಆ ನಗರದಲ್ಲಿ 1915ರ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ್ದ ‘ಲಲಿತಕಲೆಗಳ ಅರಮನೆ’ ಎಂಬ ಭವ್ಯ ಕಟ್ಟಡವಿತ್ತು. ತಾತ್ಕಾಲಿಕವಾಗಿ ನಿರ್ಮಿಸಿದ್ದ ಅದು ಕಾಲಕ್ರಮದಲ್ಲಿ ಶಿಥಿಲವಾಗಿ, 1960ರ ದಶಕದಲ್ಲಿ ಕಾಂಕ್ರೀಟಿನಿಂದ ಪುನರ್ನಿರ್ಮಾಣಗೊಂಡಿತ್ತು. ಅದರ ಹಿಂಬದಿಯ ವಿಶಾಲವಾದ ಹಜಾರ ಬರಿದಾಗಿತ್ತು. 1969ರಲ್ಲಿ, ಬೆರಳೆಣಿಕೆಯ ಪ್ರದರ್ಶನವಸ್ತುಗಳನ್ನಿಟ್ಟುಕೊಂಡು, ಆಡಂಬರದ ಸಮಾರಂಭವೇನೂ ಇಲ್ಲದೆ ಎಕ್ಸ್‌ಪ್ಲೊರೇಟೋರಿಯಂ ಅಲ್ಲಿ ಬಾಗಿಲು ತೆರೆಯಿತು. ಫ್ರಾಂಕರ ಪತ್ನಿ ಜಾಕಿ ಓಪನ್‌ಹೈಮರ್ ಮೊದಲಿನಿಂದಲೂ ಈ ಕಾರ್ಯದಲ್ಲಿ ಹೆಗಲೆಣೆಯಾಗಿ ದುಡಿದರು. ವಸ್ತುಗಳನ್ನು ಸಿದ್ಧಪಡಿಸುವ ಕಮ್ಮಟವನ್ನು ಗೋಡೆಯ ಹಿಂದೆ ಮರೆಮಾಡಲಿಲ್ಲ. ಬೆಸುಗೆ ಹಾಕುವುದು, ಕೊಯ್ಯುವುದು, ಕೆಟ್ಟುದನ್ನು ದುರಸ್ತಿ ಮಾಡುವುದು ಎಲ್ಲವೂ ನೋಟಕರ ಕಣ್ಣೆದುರಿಗೇ ನಡೆಯುತ್ತಿದ್ದವು. ವಿಜ್ಞಾನವೆಂಬುದು ಸಿದ್ಧವಾಗಿ ಆಕಾಶದಿಂದ ಉದುರಿದುದಲ್ಲ, ಮನುಷ್ಯರು ಬೆವರು ಸುರಿಸಿ, ತಪ್ಪಿ, ತಿದ್ದಿಕೊಂಡು ಕಟ್ಟಿದುದು ಎಂಬ ಪಾಠ ಅಲ್ಲಿ ಮಾತಿಲ್ಲದೆಯೇ ನಡೆಯುತ್ತಿತ್ತು.

ಅಲ್ಲಿನ ಪ್ರದರ್ಶನವಸ್ತುಗಳ ರೀತಿಯನ್ನು ಒಂದೆರಡು ನಿದರ್ಶನಗಳಿಂದ ತಿಳಿಯಬಹುದು. ಅತಿ ಭಾರವಾದ ಲೋಲಕವೊಂದನ್ನು ತೂಗುಹಾಕಿರುತ್ತಾರೆ. ಅದರ ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ಸಣ್ಣ ಅಯಸ್ಕಾಂತವಿರುತ್ತದೆ. ಅಯಸ್ಕಾಂತವನ್ನು ಲೋಲಕಕ್ಕೆ ಅಂಟಿಸಿ ಜೋರಾಗಿ ಎಳೆದರೆ ಅದು ಕಳಚಿ ಬರುತ್ತದೆಯೇ ಹೊರತು ಲೋಲಕ ಕದಲುವುದಿಲ್ಲ. ಬಲಶಾಲಿಯಾದ ತರುಣನೂ ಇಲ್ಲಿ ಸೋಲುತ್ತಾನೆ. ಮೆಲ್ಲಗೆ ಎಳೆದಾಗ ಲೋಲಕವು ಕಾಣದಷ್ಟು ಅಲ್ಪವಾಗಿ ತೂಗುತ್ತದೆ. ಅದು ಹಿಂದಕ್ಕೆ ಹೋಗುವಾಗ ದಾರವನ್ನು ಸಡಿಲಬಿಟ್ಟು, ತನ್ನತ್ತ ಬರುವಾಗ ಮತ್ತೆ ಮೆಲ್ಲಗೆ ಎಳೆಯಬೇಕು. ಹೀಗೆ ತಾಳ ತಪ್ಪದೆ ಎಳೆಯುತ್ತ ಹೋದರೆ ಆ ಭಾರಿ ಲೋಲಕ ದೊಡ್ಡದಾಗಿ ತೂಗಾಡತೊಡಗುತ್ತದೆ. ಏಳೆಂಟು ವರ್ಷದ ಮಗು ಕೂಡ ಇದನ್ನು ಸಾಧಿಸಬಲ್ಲದು. ಒಂದೊಂದು ಎಳೆತವೂ ಸ್ವಲ್ಪ ಸ್ವಲ್ಪ ಶಕ್ತಿಯನ್ನು ಸೇರಿಸುತ್ತದೆ. ಎಳೆತವು ಲೋಲಕದ ಸಹಜವಾದ ಗತಿಗೆ ಹೊಂದಿಕೊಂಡಿದ್ದರೆ ಆ ಶಕ್ತಿ ಕೂಡುತ್ತ ಹೋಗುತ್ತದೆ, ಹೊಂದದಿದ್ದರೆ ಒಂದು ಎಳೆತ ಕೊಟ್ಟುದನ್ನು ಇನ್ನೊಂದು ಕಳೆಯುತ್ತದೆ. ಇದೇ ಅನುರಣನದ ತತ್ತ್ವ. ಜೋಕಾಲಿಯನ್ನು ಜೀಕುವ ಹುಡುಗಿಗೂ ಈ ರಹಸ್ಯ ಗೊತ್ತು. ರೇಡಿಯೊ ಯಂತ್ರವು ನೂರಾರು ಅಲೆಗಳ ನಡುವೆ ಒಂದೇ ಕೇಂದ್ರದ ಅಲೆಯನ್ನು ಆರಿಸಿಕೊಳ್ಳುವುದೂ ಇದರಿಂದಲೇ.

ಇನ್ನೊಂದೆಡೆ ಸುಲಭವಾಗಿ ತಿರುಗುವ ಒಂದು ವೇದಿಕೆಯಿದೆ. ಅದರ ಮೇಲೆ ನಿಂತು, ತೋಳುಗಳನ್ನು ಅಗಲಕ್ಕೆ ಚಾಚಿ, ಮೆಲ್ಲಗೆ ತಿರುಗತೊಡಗಬೇಕು. ತಿರುಗುತ್ತಿರುವಾಗಲೇ ತೋಳುಗಳನ್ನು ಎದೆಗೆ ಅವುಚಿಕೊಂಡರೆ ವೇಗ ತಟಕ್ಕನೆ ಹೆಚ್ಚುತ್ತದೆ. ಮತ್ತೆ ಚಾಚಿದರೆ ತಗ್ಗುತ್ತದೆ. ಹೊರಗಿನಿಂದ ತಿರುಚುವ ಬಲ ಇಲ್ಲದಿರುವಾಗ ವಸ್ತುವಿನ ಕೋನೀಯ ಸಂವೇಗ ಬದಲಾಗುವುದಿಲ್ಲ. ದ್ರವ್ಯರಾಶಿ ಅಕ್ಷದ ಸಮೀಪಕ್ಕೆ ಬಂದಾಗ ಆ ನಷ್ಟವನ್ನು ತುಂಬಿಕೊಡಲು ಭ್ರಮಣವೇಗ ಏರಲೇಬೇಕು. ಮಹಾನಕ್ಷತ್ರವೊಂದು ಸಿಡಿದು, ಅದರ ಒಡಲು ಕುಸಿದು ಉಳಿದ ಪುಟ್ಟ ನಕ್ಷತ್ರ ಅತಿ ವೇಗದಿಂದ ಸುತ್ತುವುದಕ್ಕೂ ಇದೇ ಕಾರಣ. ಕರ್ಕಾಟಕ ನೀಹಾರಿಕೆಯ ನಡುವೆ ಇರುವ ಅಂತಹ ನಕ್ಷತ್ರ ಸೆಕೆಂಡಿಗೆ ಸುಮಾರು 30 ಬಾರಿ ಸುತ್ತುತ್ತಿದೆ. ಆಕಾಶದ ನಕ್ಷತ್ರಕ್ಕೂ ವೇದಿಕೆಯ ಮೇಲಿನ ಬಾಲಕನಿಗೂ ನಿಯಮ ಒಂದೇ ಎಂಬುದನ್ನು ಅವನು ತನ್ನ ಮೈಯಿಂದಲೇ ಅರಿತಿರುತ್ತಾನೆ. ಆ ಅರಿವನ್ನು ಸೂತ್ರವಾಗಿ ಬರೆಯುವುದು ಆಮೇಲಿನ ಕೆಲಸ.

ಮನುಷ್ಯನ ಇಂದ್ರಿಯಗಳ ವ್ಯಾಪಾರವನ್ನು ಎಕ್ಸ್‌ಪ್ಲೊರೇಟೋರಿಯಂ ತನ್ನ ಕೇಂದ್ರವಸ್ತುವಾಗಿ ಆರಿಸಿಕೊಂಡಿತು. ಜಗತ್ತಿನ ವಿಷಯವಾಗಿ ಮನುಷ್ಯನಿಗೆ ತಿಳಿದಿರುವುದೆಲ್ಲವೂ ಕಣ್ಣು, ಕಿವಿ, ಚರ್ಮಗಳ ಬಾಗಿಲಿನಿಂದ ಒಳಹೊಕ್ಕುದು. ಆ ಬಾಗಿಲುಗಳು ಹೇಗೆ ತೆರೆಯುತ್ತವೆ, ಎಲ್ಲಿ ಮೋಸಹೋಗುತ್ತವೆ ಎಂಬುದನ್ನು ತಿಳಿಯದೆ ಕಂಡುದನ್ನೆಲ್ಲ ನಂಬುವುದು ಸರಿಯಲ್ಲ. 1971ರಲ್ಲಿ ಅಲ್ಲಿ ‘ಸ್ಪರ್ಶಗುಮ್ಮಟ’ವೊಂದನ್ನು ನಿರ್ಮಿಸಿದರು. ಅದರೊಳಗೆ ಕಡುಗತ್ತಲೆ. ಹೊಕ್ಕವರು ಬಗೆಬಗೆಯ ಮೇಲ್ಮೈಗಳನ್ನು ತಡವುತ್ತ, ತೆವಳುತ್ತ, ಸ್ಪರ್ಶವೊಂದನ್ನೇ ನೆಚ್ಚಿ ಹೊರಬರಬೇಕು. ಕಣ್ಣಿನ ರಚನೆಯನ್ನು ತೋರಿಸಲು ಹಸುವಿನ ಕಣ್ಣನ್ನು ಕೊಯ್ದು, ಅದರ ಪಾರದರ್ಶಕ ಮಸೂರವನ್ನು ಹೊರತೆಗೆದು ಮಕ್ಕಳ ಮುಂದಿಡುತ್ತಾರೆ. ಇಂದ್ರಿಯಾನುಭವದಲ್ಲಿ ವಿಜ್ಞಾನಿಗೂ ಕಲಾವಿದನಿಗೂ ಸಮಾನ ಆಸಕ್ತಿ. ಇಬ್ಬರೂ ಇತರರು ಗಮನಿಸದುದನ್ನು ಗಮನಿಸುವವರೇ. ಆದುದರಿಂದ ಕಲಾವಿದರನ್ನೂ ಆಹ್ವಾನಿಸಿ, ವಿಜ್ಞಾನಿಗಳ ಸಂಗಡ ಕೆಲಸ ಮಾಡುವ ಅವಕಾಶವನ್ನು ಆ ಸಂಸ್ಥೆ ಕಲ್ಪಿಸಿತು.

ನೋಟಕರಿಗೆ ನೆರವಾಗಲು ಅಲ್ಲಿ ಗಂಭೀರಮುದ್ರೆಯ ಕಾವಲುಗಾರರಿರಲಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳನ್ನೇ ವೇತನ ಕೊಟ್ಟು ‘ವಿವರಣಕಾರ’ರನ್ನಾಗಿ ನೇಮಿಸಿದರು. ತರಗತಿಯಲ್ಲಿ ಮೊದಲಿಗರಾದವರನ್ನು ಮಾತ್ರ ಆರಿಸಲಿಲ್ಲ. ವಿಜ್ಞಾನದಲ್ಲಿ ಹಿಂದುಳಿದವರಿಗೂ ಸ್ಥಾನವಿತ್ತು. ತಾವು ಈಚೆಗಷ್ಟೇ ಅರಿತುದನ್ನು ಹೊಸಬರಿಗೆ ವಿವರಿಸುವಾಗ ಅವರ ಕಣ್ಣಿನಲ್ಲಿ ಬೆರಗು ಇನ್ನೂ ಆರಿರುವುದಿಲ್ಲ. ತಿಳಿಯದ ಪ್ರಶ್ನೆ ಎದುರಾದರೆ ‘ಬನ್ನಿ, ಕೂಡಿಯೇ ಮಾಡಿ ನೋಡೋಣ’ ಎನ್ನಲು ಅವರಿಗೆ ಸಂಕೋಚವೂ ಇರುವುದಿಲ್ಲ. ಕಲಿಸುವುದಕ್ಕಿಂತ ಮಿಗಿಲಾದ ಕಲಿಕೆಯ ಉಪಾಯವಿಲ್ಲವೆಂಬುದಕ್ಕೆ ಈ ತರುಣರೇ ಸಾಕ್ಷಿಯಾದರು.

ಇಂತಹ ಕೇಂದ್ರಗಳ ಬಗೆಗೆ ಆಕ್ಷೇಪಗಳೂ ಇಲ್ಲದಿಲ್ಲ. ಮಕ್ಕಳು ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಓಡುತ್ತಾರೆ, ಗದ್ದಲವೇ ಹೆಚ್ಚು, ಇದು ಆಟವೇ ಹೊರತು ಪಾಠವಲ್ಲ ಎಂದು ಹೇಳುವವರುಂಟು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಗುಂಡಿಯೊತ್ತಿದೊಡನೆ ದೀಪ ಹತ್ತಿದರೆ ಮಗು ಕಲಿತುದು ಗುಂಡಿಯೊತ್ತುವುದನ್ನು ಮಾತ್ರ. ಮುಟ್ಟುವುದೇ ತಿಳಿಯುವುದಲ್ಲ. ಒಳ್ಳೆಯ ಪ್ರದರ್ಶನವಸ್ತುವಿನಲ್ಲಿ ನೋಟಕನು ಏನನ್ನಾದರೂ ಬದಲಾಯಿಸಲು, ಬದಲಾಯಿಸಿದುದರ ಫಲವನ್ನು ಕಾಣಲು, ತನ್ನ ಊಹೆ ತಪ್ಪಾದರೆ ಮತ್ತೊಂದು ಊಹೆಯನ್ನು ಪರೀಕ್ಷಿಸಲು ಅವಕಾಶವಿರಬೇಕು. ಲೋಲಕವನ್ನು ಹೇಗೆ ಎಳೆದರೆ ಸೋಲು, ಹೇಗೆ ಎಳೆದರೆ ಗೆಲುವು ಎಂಬುದನ್ನು ಅವನೇ ಕಂಡುಕೊಳ್ಳಬೇಕು. ಶಾಲೆಯ ಕ್ರಮಬದ್ಧವಾದ ಪಾಠಕ್ಕೆ ಇದು ಬದಲಿಯಲ್ಲ, ಪೂರಕ. ಆದರೆ ವಿಜ್ಞಾನಮಂದಿರಕ್ಕೆ ಒಂದು ಹಿರಿಮೆಯುಂಟು: ಅಲ್ಲಿ ಅಂಕಗಳಿಲ್ಲ, ನಪಾಸಾಗುವವರೂ ಇಲ್ಲ. ಫ್ರಾಂಕ್ ಓಪನ್‌ಹೈಮರ್ ಈ ಸಂಗತಿಯನ್ನು ಮತ್ತೆ ಮತ್ತೆ ಎತ್ತಿ ಹೇಳುತ್ತಿದ್ದರು.

ಪ್ರದರ್ಶನವಸ್ತುಗಳ ಮೇಲೆ ಏಕಸ್ವಾಮ್ಯವನ್ನು ಸ್ಥಾಪಿಸಿಕೊಳ್ಳದೆ ಇದ್ದುದು ಆ ಸಂಸ್ಥೆಯ ಮತ್ತೊಂದು ವೈಶಿಷ್ಟ್ಯ. ಒಂದೊಂದನ್ನೂ ಯಾವ ಸಾಮಗ್ರಿಯಿಂದ, ಯಾವ ಅಳತೆಯಲ್ಲಿ, ಯಾವ ಕ್ರಮದಿಂದ ಮಾಡಬೇಕೆಂಬುದನ್ನು ವಿವರಿಸುವ ಪುಸ್ತಕದ ಮೊದಲ ಸಂಪುಟವನ್ನು 1975ರಲ್ಲಿ ಪ್ರಕಟಿಸಿದರು. ಅಡುಗೆಯ ವಿಧಾನಗಳನ್ನು ತಿಳಿಸುವ ಪುಸ್ತಕದಂತಿರುವ ಇದನ್ನು ‘ಅಡುಗೆ ಪುಸ್ತಕ’ವೆಂದೇ ಕರೆದರು. ಇದನ್ನು ನೋಡಿಕೊಂಡು ನಾನಾ ದೇಶಗಳ ಜನರು ತಮ್ಮ ಊರುಗಳಲ್ಲಿ ಅಂತಹವೇ ವಸ್ತುಗಳನ್ನು ಮಾಡಿಕೊಂಡರು. ಯೌವನದಲ್ಲಿ ಬೇಲಿಯೊಳಗಿನ ರಹಸ್ಯ ಪ್ರಯೋಗಾಲಯದಲ್ಲಿ ದುಡಿದ ವಿಜ್ಞಾನಿಯೇ ಮುಪ್ಪಿನಲ್ಲಿ, ಬಲ್ಲುದನ್ನೆಲ್ಲ ಬಿಚ್ಚಿ ಹಂಚುವ ಸಂಸ್ಥೆಯನ್ನು ಕಟ್ಟಿದರೆಂಬುದು ಗಮನಿಸತಕ್ಕ ಸಂಗತಿ. 1985ರ ಫೆಬ್ರವರಿ 3ರಂದು ಅವರು ಕಾಲವಾದರು. ಕೊನೆಯವರೆಗೂ ಅವರೇ ಅದರ ನಿರ್ದೇಶಕರಾಗಿದ್ದರು. 2013ರಲ್ಲಿ ಎಕ್ಸ್‌ಪ್ಲೊರೇಟೋರಿಯಂ ಹಳೆಯ ಅರಮನೆಯಿಂದ ಅದೇ ನಗರದ ಕಡಲಂಚಿನ 15ನೆಯ ಹಡಗುಕಟ್ಟೆಗೆ ಸ್ಥಳಾಂತರಗೊಂಡಿತು.

ಭಾರತದಲ್ಲಿ ಈ ವಿಚಾರದ ಬೀಜ ಇನ್ನೂ ಮುಂಚೆಯೇ ಬಿದ್ದಿತ್ತು. 1959ರಲ್ಲಿ ಕಲ್ಕತ್ತೆಯಲ್ಲಿ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಪ್ರಾರಂಭವಾಯಿತು. ಬೆಂಗಳೂರಿನ ಕಬ್ಬನ್ ಉದ್ಯಾನದ ಬಳಿ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ವಸ್ತುಸಂಗ್ರಹಾಲಯ 1965ರಲ್ಲಿ ತೆರೆಯಿತು. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರು 1960ರ ದಶಕದಲ್ಲಿಯೇ ಸಮುದಾಯ ವಿಜ್ಞಾನ ಕೇಂದ್ರವನ್ನು ಆರಂಭಿಸಿದರು. 1978ರಲ್ಲಿ ವಿಜ್ಞಾನ ವಸ್ತುಸಂಗ್ರಹಾಲಯಗಳ ರಾಷ್ಟ್ರೀಯ ಪರಿಷತ್ತು ರೂಪುಗೊಂಡ ಮೇಲೆ ಇಂತಹ ಕೇಂದ್ರಗಳು ಮಹಾನಗರಗಳನ್ನು ದಾಟಿ ಜಿಲ್ಲೆಗಳಿಗೂ ಹಬ್ಬಿದವು. ಕರ್ನಾಟಕದಲ್ಲಿ ಗುಲ್ಬರ್ಗ ಎಂದು ಆಗ ಕರೆಯುತ್ತಿದ್ದ ಇಂದಿನ ಕಲಬುರಗಿಯಲ್ಲಿಯೂ, ಧಾರವಾಡದಲ್ಲಿಯೂ, ಮಂಗಳೂರಿನ ಪಿಲಿಕುಳದಲ್ಲಿಯೂ ವಿಜ್ಞಾನ ಕೇಂದ್ರಗಳಿವೆ. ಒಂದು ದೇಶ ಇನ್ನೊಂದನ್ನು ಕಣ್ಣುಮುಚ್ಚಿ ಅನುಕರಿಸಿದುದಲ್ಲ. ಒಂದೇ ಅಗತ್ಯವನ್ನು ಹಲವು ದೇಶಗಳ ವಿಚಾರವಂತರು ಒಂದೇ ಕಾಲದಲ್ಲಿ ಮನಗಂಡರು.

ಆ ಅಗತ್ಯ ಇಂದಿಗೂ ತೀರಿಲ್ಲ. ಯಂತ್ರಗಳು ದಿನದಿನಕ್ಕೆ ಹೆಚ್ಚುತ್ತಿವೆ, ಅವುಗಳ ಒಳಗು ಮಾತ್ರ ಕಣ್ಣಿಗೆ ಮರೆಯಾಗುತ್ತಿದೆ. ಬಳಸುವುದು ಎಲ್ಲರಿಗೂ ಗೊತ್ತು, ಬಲ್ಲವರು ಕೆಲವರೇ. ಸುತ್ತಲಿನ ಜಗತ್ತು ತನಗೆ ಅರ್ಥವಾಗುವಂತಹುದಲ್ಲ ಎಂದು ಕೈಚೆಲ್ಲಿದ ಮನುಷ್ಯನು ಕ್ರಮೇಣ ತನ್ನ ಬಾಳಿನ ನಿರ್ಣಯಗಳನ್ನೂ ಅನ್ಯರಿಗೆ ಒಪ್ಪಿಸಿಬಿಡುತ್ತಾನೆ. ಅಣೆಕಟ್ಟು, ವಿದ್ಯುದಾಗಾರ, ಔಷಧ, ಯುದ್ಧ ಇವುಗಳಲ್ಲಿ ಯಾವುದನ್ನು ಕುರಿತೂ ಅವನಿಗೆ ಸ್ವಂತ ಅಭಿಪ್ರಾಯ ಉಳಿಯುವುದಿಲ್ಲ. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಎಲ್ಲರೂ ವಿಜ್ಞಾನಿಗಳಾಗಬೇಕಾಗಿಲ್ಲ. ಪ್ರಯತ್ನಿಸಿದರೆ ತನಗೂ ಅರ್ಥವಾದೀತೆಂಬ ಧೈರ್ಯ ಮಾತ್ರ ಎಲ್ಲರಿಗೂ ಬೇಕು. ಭಾರಿ ಲೋಲಕವನ್ನು ಸಣ್ಣ ಅಯಸ್ಕಾಂತದಿಂದ ತೂಗಿಸಿದ ಮಗುವಿಗೆ ಆ ಧೈರ್ಯ ಬಂದಿರುತ್ತದೆ. ಬಲದಿಂದಾಗದುದು ತಾಳ್ಮೆಯಿಂದಲೂ ತಿಳಿವಳಿಕೆಯಿಂದಲೂ ಆಗುತ್ತದೆಂಬುದನ್ನು ಅದು ಯಾರ ಬಾಯಿಂದಲೋ ಕೇಳಿಲ್ಲ, ತನ್ನ ಕೈಯಿಂದ ಕಂಡುಕೊಂಡಿದೆ.